ವೀರವ್ವ ‘ಇಲ್ಲ’ ಅಂದ ಫೋನು

ನಮ್ಮ ಹಿರೇಬೆಂಡಿಗೇರಿಯಲ್ಲಿ ಯಾರ ಮನೆಯ ಹುಡುಗಿಯ ಬಗ್ಗೆ ಗಂಡಿನ ಕಡೆಯವರು ಫೋನ್ ಹಚ್ಚಿ ವಿಚಾರಿಸಿದರೂ ಉತ್ತರ ಕೊಡಲು ವೀರವ್ವನೇ ಬೇಕು. ರೊಟ್ಟಿ ಬಡಿದು ಶಿಗ್ಗಾಂವಿಯ ಖಾನಾವಳಿಗಳಿಗೆ ಕಳಿಸುವುದು ಅವಳ ಹೊಟ್ಟೆಪಾಡು. ಮಾತು ಮಾತ್ರ ಪುಕ್ಕಟೆ. ಹತ್ತನೇ ಇಯತ್ತೆ ಫೇಲಾದವಳು ಅವಳ ಬಾಯಲ್ಲಿ ಮನೆಗೆಲಸದಲ್ಲಿ ಮುಂದು, ಜಗಳಗಂಟಿ ಧೈರ್ಯವಂತೆ. ಪಕ್ಕದ ಮನೆಯ ನಾನು ಇದಕ್ಕೆ ಎಷ್ಟೋ ಸಲ ಬೈದಿದ್ದೇನೆ. ಬೈದು, ನನ್ನ ಮಗಳ ಸಲುವಾಗಿ ಅದೇ ಬಾಯನ್ನು ಬಳಸಿಕೊಂಡೂ ಇದ್ದೇನೆ.

ಅವಳ ಸ್ವಂತ ಮಗಳು ತನುಜಾ ಕಾರವಾರದ ಕಡೆ ಇದ್ದಾಳೆ. ಹುಟ್ಟು ಹಾಕಿ ಓಡಿಸುವ ಕಿರಿದಾದ ಕಯಾಕ್ ದೋಣಿಗಳಲ್ಲಿ ಪ್ರವಾಸಿಗರನ್ನು ಸಮುದ್ರಕ್ಕೆ ಕರೆದೊಯ್ಯುವುದು ಅವಳ ಕೆಲಸ. ಊರಿಗೆಲ್ಲ ವೀರವ್ವ ಹೇಳುವುದು, “ಕಾರವಾರದಾಗ ಆಫೀಸಿನಾಗ ಅದಾಳ.” ಹೋದ ದೀಪಾವಳಿಗೆ ಬಂದಾಗ ತನುಜಾ ಎದೆಗೆ ಸಿಕ್ಕಿಸಿಕೊಳ್ಳುವ ರೇಡಿಯೋ, ಅಂಗೈಯಗಲದ ಒಂದು ಬೀಕನ್ ಯಂತ್ರ ಎರಡನ್ನೂ ತೋರಿಸಿದ್ದಳು.

“ಗುಡ್ಡ ಅಡ್ಡ ಬಂದ್ರ ರೇಡಿಯೋ ಕೇಳ್ಸೂದಿಲ್ಲವ್ವ. ಆವಾಗ ಈ ಯಂತ್ರದ ಗುಂಡಿ ಒತ್ತಿದ್ರ ಅಪಾಯದ ಸುದ್ದಿ ಉಪಗ್ರಹಕ್ಕ ಮುಟ್ಟತೈತಿ. ರಕ್ಷಣಾ ಕೇಂದ್ರದವರು ಮನಿಗೆ ಫೋನ್ ಮಾಡಿ ಖಾತ್ರಿ ಮಾಡ್ಕೋತಾರ. ನಿನ್ನ ನಂಬರ್ ಕೊಟ್ಟೇನಿ.”

ವೀರವ್ವ ರೊಟ್ಟಿ ಬಡಿಯುತ್ತಲೇ ಹೂಂ ಅಂದಿದ್ದಳು.

ಕಳೆದ ತಿಂಗಳು ಹಾನಗಲ್ಲಿನ ಕರಬಸಪ್ಪನವರು ಹೆಂಡತಿಯನ್ನು ಕರೆದುಕೊಂಡು ಮನೆ ನೋಡಲು ಬಂದರು. ತನುಜಾಳನ್ನು ಅವರ ಮಗನಿಗೆ ಕೇಳುವ ಮಾತು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಪಡಸಾಲೆಯಲ್ಲಿ ವೀರವ್ವನ ಫೋನು ಬಡಿದುಕೊಂಡಿತು. ಚಾರ್ಜರಿನ ವಯರು ಕಿತ್ತರೆ ಆರಿಹೋಗುವ ಹಳೇ ಫೋನು, ಅಲ್ಲೇ ನಿಂತು ಮಾತಾಡಬೇಕು.

“ತನುಜಾ ಅವರ ತಾಯಿನಾ? ನಿಮ್ಮ ಮಗಳು ಇವತ್ತು ಸಮುದ್ರಕ್ಕೆ ಹೋಗಿದ್ದಾರಾ?” ಗಂಡಸಿನ ದನಿ ಬಾಗಿಲಿಗೆ ಬಂದಿದ್ದ ನನಗೂ ಕೇಳಿಸಿತು.

ವೀರವ್ವ ಬಂದವರ ಕಡೆ ನೋಡಿ ನಕ್ಕಳು. “ಸಮುದ್ರಕ್ಕ ಯಾಕ ಹೋಗ್ತಾಳ್ರಿ? ನಮ್ಮ ಹುಡುಗಿ ನೀರಿನ ಹತ್ರ ಸೈತ ಹೋಗಾಕಿ ಅಲ್ಲ. ಆಫೀಸಿನಾಗ ಕುಂತು ಕೆಲಸ ಮಾಡ್ತಾಳ.” ಆ ಕಡೆಯವನು ಇನ್ನೇನೋ ಹೇಳುತ್ತಿದ್ದ. “ಹೂಂನ್ರಿ, ಹೂಂನ್ರಿ,” ಅಂದು ಇಟ್ಟೇಬಿಟ್ಟಳು.

ಒಳಗೆ ಬಂದವಳು ಗೆದ್ದವಳ ಹಾಗಿದ್ದಳು. “ನೋಡಿದೇನಕ್ಕ, ಮನಿಗೆ ಬಂದು ಕುಂತ ಮ್ಯಾಲೂ ಫೋನ್ ಹಚ್ಚಿ ವಿಚಾರಿಸ್ತಾರ.”

“ಅವರಿಬ್ರೂ ಇಲ್ಲೇ ಕುಂತಾರಲ್ಲ. ಫೋನ್ ಯಾರು ಹಚ್ಚಿದ್ರು?” ಅಂದೆ.

ಕಪ್ಪು ಹಿಡಿದ ಅವಳ ಕೈ ನಿಂತಿತು. “ತನುಜಾ ಆ ಯಂತ್ರದ ಗುಂಡಿ ತಪ್ಪಿ ಒತ್ತಿರಬಹುದಾ ಅಂತ ಕೇಳಿದಾ,” ಅಂದಳು. “ನಾ ಹೂಂ ಅಂದೆ.”

ನನ್ನ ಫೋನಿನಿಂದ ತನುಜಾಗೆ ಹಚ್ಚಿದೆ, ಹತ್ತಲಿಲ್ಲ. ಆಗಲೂ ನನ್ನ ಬುದ್ಧಿ ಎಲ್ಲಿ ಓಡಿತು ನೋಡಿ. “ಆ ನಂಬರ್ ತೊಗೊಂಡು ಬಾ, ಹಿತ್ತಲದಾಗ ನಿಂತು ನನ್ನ ಫೋನಿನ್ಯಾಗ ಮಾತಾಡು. ಅವರಿಗೆ ಕೇಳ್ಸಬಾರದು,” ಅಂದೆ. ನನ್ನ ಮಾತು ಮುಗಿಯುವುದರೊಳಗೆ ಅವಳು ಪಡಸಾಲೆಯಲ್ಲಿ, ಬಂದವರ ಎದುರೇ, ಆ ನಂಬರಿಗೆ ಹಚ್ಚಿದ್ದಳು.

“ಸಾಹೇಬ್ರ, ನಾ ಸುಳ್ಳು ಹೇಳಿದೆ. ನನ್ನ ಮಗಳು ಸಮುದ್ರದಾಗ ಅದಾಳ. ದಿನಾ ಹೋಗ್ತಾಳ, ಅಕಿ ಕೆಲಸಾನ ಅದು. ಹೋಗೂಕಿಂತ ಮೊದಲ ನನಗ ಹೇಳ್ತಾಳ. ಇವತ್ತ ದ್ವೀಪದ ಆಚೀಕಡೆ ಅಂದಿದ್ಲು. ಅಕಿ ಜೋಡಿ ಇಬ್ರು ಪ್ರವಾಸದವರು ಅದಾರ. ರೇಡಿಯೋ ಐತಿ, ಆದ್ರ ಅಲ್ಲಿಂದ ಕೇಳ್ಸೂದಿಲ್ಲ. ತಪ್ಪಿ ಒತ್ತಾಕಿ ಅಲ್ರಿ ಅಕಿ. ಲಗೂನ ಹೋಗ್ರಿ.”

ಇಲ್ಲಿಯವರೆಗೆ ದಂಡೆಯಲ್ಲಷ್ಟೇ ವಿಚಾರಿಸುತ್ತಿದ್ದೆವು, ಈಗಲೇ ದೋಣಿ ಹೊರಡಿಸುತ್ತೇವೆ ಎಂದಿತು ಆ ದನಿ. ಅಂದರೆ ಇಷ್ಟು ಹೊತ್ತು ಯಾರೂ ಹೊರಟೇ ಇರಲಿಲ್ಲ. ಕರಬಸಪ್ಪನವರ ಹೆಂಡತಿ ಗಂಡನ ಮುಖ ನೋಡಿದರು. “ಆಮ್ಯಾಲೆ ಮಾತಾಡೂಣ್ರಿ,” ಎಂದು ಇಬ್ಬರೂ ಎದ್ದರು. ವೀರವ್ವ ಬಾಗಿಲವರೆಗೆ ಕಳಿಸಲೂ ಹೋಗಲಿಲ್ಲ.

ಆಮೇಲಿನ ಹೊತ್ತು ನನ್ನ ವೈರಿಗೂ ಬೇಡ. ನಾದಿಟ್ಟ ಹಿಟ್ಟು ಒಣಗಿ ಬಿರುಕು ಬಿಟ್ಟಿತು. ವೀರವ್ವ ಗೋಡೆಗೆ ಆತು ಕೂತು ಫೋನನ್ನೇ ನೋಡುತ್ತಿದ್ದಳು. “ನಾ ಯಾಕ ಹಂಗಂದೆ ಅಕ್ಕ?” ಎಂದು ಕೇಳುತ್ತಲೇ ಇದ್ದಳು. ಆ ಚಾಳಿ ಬೆಳೆಸಿದ್ದರಲ್ಲಿ ಇಡೀ ಓಣಿಯ ಕೈ ಇತ್ತು, ನನ್ನದೂ ಸೇರಿ.

ಹೊತ್ತು ಇಳಿಯುವಾಗ ಫೋನು ಬಂತು. ತನುಜಾಳ ದನಿ ಪೂರ್ತಿ ಒಡೆದಿತ್ತು. ಪ್ರವಾಸಿಗರ ದೋಣಿ ಮಗುಚಿತ್ತಂತೆ. ಮೂವರನ್ನೂ ಎತ್ತಿಕೊಂಡು ಬಂದಿದ್ದರು. ಒಬ್ಬ ಆಸ್ಪತ್ರೆಯಲ್ಲಿದ್ದ, ಆಗಷ್ಟೇ ಕಣ್ಣು ಬಿಟ್ಟಿದ್ದ.

“ಕೈ ಸೋತು ಬಿಡಾಕತ್ತಿದ್ವು ಅವ್ವ. ನಮ್ಮವ್ವ ಫೋನ್ ಎತ್ತಿರ್ತಾಳ, ಹೇಳಿರ್ತಾಳ, ಈಗ ಬರ್ತಾರ ಅಂತ ಅವರಿಗೆ ಹೇಳ್ಕೋತ ದೋಣಿ ಹಿಡ್ಕೊಂಡಿದ್ದೆ. ನೀ ಹೇಳಿದ್ದಕ್ಕ ಬದುಕಿದ್ವಿ.”

ಸುಮ್ಮನೆ ಹೂಂ ಅನ್ನು ಎಂದು ನಾನು ಕೈಸನ್ನೆ ಮಾಡಿದೆ. ಅಂದಿದ್ದರೆ ಯಾರಿಗೆ ತಿಳಿಯುತ್ತಿತ್ತು? ವೀರವ್ವ ನನ್ನತ್ತ ನೋಡಿ ಮುಖ ತಿರುಗಿಸಿದಳು.

“ಮೊದಲನೇ ಸಲ ಅವರು ಕೇಳಿದಾಗ ನಾ ಇಲ್ಲ ಅಂದೆ, ತನುಜಾ. ಗಂಡಿನ ಕಡಿಯವರು ಕುಂತಿದ್ರು. ತಡಾ ಆಗಿದ್ದು ನನ್ನಿಂದ.”

ಊರಿಗೆಲ್ಲ ಮಾತು ಹಂಚುವ ವೀರವ್ವ ಅದಕ್ಕೆ ಒಂದು ಮಾತನ್ನೂ ಸೇರಿಸದೆ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು.