ಮಾವನ ಗಾಜಿನ ಕಣ್ಣು

ಮೊನ್ನೆ ಬೆಳಿಗ್ಗೆ ದೇವದುರ್ಗದ ನಮ್ಮ ಮನೆಗೆ ನನ್ನ ಸಹೋದ್ಯೋಗಿ ಶರಣಪ್ಪ ಮಾಸ್ತರರು ಬಂದರು. ಚಹಾ ಕೈಗೆ ಬಂದದ್ದೇ ಕೇಳಿದರು: "ನನ್ನ ಗಾಜಿನ ಕಣ್ಣಿಗೆ ಈಗೀಗ ಜೀವ ಬಂದಂಗ ಕಾಣ್ತದ ಅಂತಾರ ಎಲ್ಲಾರೂ. ಖರೇನ್ರೀ?" ನೋಡಿದೆ. ಕಣ್ಣು ನಿಜಕ್ಕೂ ತುಸು ಮುಂದೆ ಬಂದಿತ್ತು. ನನಗೆ ಮಾನ್ವಿಯ ಸೋದರಮಾವ ನೆನಪಾದ.

ಮಾವನ ಎಡಗಣ್ಣು ಹುಡುಗನಿದ್ದಾಗಲೇ ಹತ್ತಿಕಟ್ಟಿಗೆ ಚುಚ್ಚಿ ಹೋಗಿತ್ತು. ಆಮೇಲೆ ಕೂಡಿಸಿಕೊಂಡದ್ದು ಪ್ಲಾಸ್ಟಿಕ್ಕಿನದು. ಊರ ಬಾಯಲ್ಲಿ ಮಾತ್ರ ಅದು ಗಾಜಿನ ಕಣ್ಣು. ಅದನ್ನು ಆತ ಬಚ್ಚಲುಮನೆಯ ಚಿಲಕ ಹಾಕಿಕೊಂಡೇ ತೆಗೆಯುತ್ತಿದ್ದ. ಮೂವತ್ತು ವರ್ಷ ಸಂಸಾರ ಮಾಡಿದ ಅತ್ತೆಯೂ ಆ ಖಾಲಿ ಗೂಡು ಕಂಡವಳಲ್ಲ. ನಾವೂ ಮರ್ಯಾದಸ್ಥರು ನೋಡಿ, ಆ ಮಾತನ್ನೇ ಎತ್ತುತ್ತಿರಲಿಲ್ಲ. ಕಾಣುವ ಕಣ್ಣಿಗೆ ವರ್ಷಕ್ಕೊಂದು ಚಸ್ಮಾ, ದಿನಕ್ಕೆರಡು ಹನಿ ಔಷಧ. ಇನ್ನೊಂದನ್ನು ಡಾಕ್ಟರು ವಿಚಾರಿಸಿದರೆ ಮಾವ, "ಅದು ರಿಟೈರ್ ಆಗ್ಯದ್ರೀ. ಇಲ್ಲದ ಕಣ್ಣಿಗೆ ಎಲ್ಲೀ ಬ್ಯಾನಿ?" ಎಂದು ನಗುತ್ತಿದ್ದ.

ಒಂದು ವರ್ಷ, ಅಲ್ಲಿಯತನಕ ಗುಳಿಯಲ್ಲಿ ಹೂತಂತಿದ್ದ ಆ ಕಣ್ಣು ಮುಂದೆ ಬರತೊಡಗಿತು. ಮನೆಮಂದಿಗೆಲ್ಲ ಸಂಭ್ರಮ. ಮಗಳ ಮದುವೆಯಲ್ಲಿ ಬೀಗರು, ಯಾವುದು ನಿಜವಾದದ್ದೆಂದು ಗುರುತಿಸಲಾರದೆ ಸೋತರು. ಎಲ್ಲರಿಗಿಂತ ಜೋರಾಗಿ ಹೊಗಳಿದವನು ನಾನು: "ಮಾವ, ದೇವರು ಕೊಟ್ಟಿದ್ದಕ್ಕಿಂತ ಇದಾ ಚಲೋ ಅದ." ಮಾವ ಹಿಗ್ಗಿ, ಫೋಟೋದವನಿಗೆ ಎಡಗೆನ್ನೆ ಕೊಟ್ಟು ಕೂತ.

ಹಿಂದಿನಿಂದ ಅದನ್ನು ನೂಕುತ್ತಿದ್ದುದು ಗಂಟು. ರಾಯಚೂರಿನ ಡಾಕ್ಟರು ಕಣ್ಣು ತೆಗೆಸಿ ನೋಡಿದರು, ಚೂರು ಮಾಂಸ ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದರು. ವರ್ಷಗಟ್ಟಲೆ ಪ್ಲಾಸ್ಟಿಕ್ಕು ಉಜ್ಜಿದ ಜಾಗದಲ್ಲಿ ಅಪರೂಪಕ್ಕೆ ಹೀಗಾಗುವುದುಂಟಂತೆ. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಮುಂದಿನ ಬೇಸಿಗೆಗೆ ಮಾವ ಇರಲಿಲ್ಲ. ಆ ಹೊಗಳಿಕೆ ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಶರಣಪ್ಪನವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.

"ಜೀವ ಗೀವ ಏನಿಲ್ರೀ ಸರ. ತೆಗೀರಿ ಅದನ್ನ, ನೋಡೂನು," ಎಂದೆ.

ಅವರ ಮುಖ ಕೆಂಪಾಯಿತು. "ಮನಿಗಿ ಬಂದೋರ ಮರ್ಯಾದಿ ಕಳೀತೀರೇನ್ರೀ?"

"ಹೌದ್ರೀ. ಮರ್ಯಾದಿ ಮಾಡಿ ಮಾಡಿ ನಮ್ಮ ಮಾವನ್ನ ಕಳಕೊಂಡೀನಿ."

ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದರು: "ಒರಸ್ಕೊಳ್ಳಾಕ ಹಳೀ ಅರಿವಿ ಇದ್ರ ಕೊಡ್ರಿ. ಎರಡ ತಿಂಗಳಾತು, ತೆಗದಾಗೊಮ್ಮಿ ರಕ್ತ ಬರ್ತದ. ಮನ್ಯಾಗ ಯಾರಿಗೂ ಹೇಳಿಲ್ಲ."