ಉಸ್ತಾದರ ತಲೆಯೊಳಗಿನ ಮೋಟಾರು

ಕೆಲವು ವರ್ಷಗಳ ಹಿಂದೆ ನಾನು ಕೊಪ್ಪಳದಿಂದ ಕುಷ್ಟಗಿಗೆ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಂಪ್‌ಸೆಟ್ ಮಾರುವ ಒಂದು ಕಂಪನಿಗೆ ಮೊಬೈಲ್ ಆ್ಯಪ್ ಬೇಕಾಗಿತ್ತು. ಬೋರ್‌ವೆಲ್ ಮೋಟಾರು ಕೆಟ್ಟರೆ ಆ್ಯಪ್ ಪ್ರಶ್ನೆ ಕೇಳಬೇಕು, ರೈತ ಉತ್ತರ ಒತ್ತಬೇಕು, ಕೊನೆಗೆ ಅದು ನುರಿತ ಮೆಕ್ಯಾನಿಕ್ಕಿನಂತೆ ಕೆಟ್ಟಿದ್ದೇನು ಎಂದು ಹೇಳಬೇಕು. ಅದಕ್ಕೆ ಮೊದಲು ನುರಿತ ಮೆಕ್ಯಾನಿಕ್ ಒಬ್ಬರ ತಲೆಯಲ್ಲಿರುವುದನ್ನೆಲ್ಲ ‘ಹೀಗಿದ್ದರೆ ಹೀಗೆ’ ಎಂಬ ನಿಯಮಗಳಾಗಿ ಬರೆದುಕೊಂಡು ಬರಬೇಕು. ಆ ಕೆಲಸ ನನ್ನದು. ಹದಿನೈದು ದಿನ ಸಾಕು ಎಂದು ನಾನೇ ಹೇಳಿಬಿಟ್ಟಿದ್ದೆ.

ಕುಷ್ಟಗಿಯ ಮೋಟಾರು ರಿವೈಂಡಿಂಗ್ ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅರವತ್ತು ದಾಟಿದವರು. ರೈತರು ಫೋನು ಮಾಡಿ, ಸ್ಟಾರ್ಟರ್ ಪೆಟ್ಟಿಗೆಗೆ ಮೊಬೈಲು ಹಿಡಿದು ಗುಂಡಿ ಒತ್ತಿದರೆ ಸಾಕು, ಇವರು ಕುಳಿತಲ್ಲಿಂದಲೇ ರೋಗ ಹೇಳುತ್ತಿದ್ದರು. ನಾನು ಹೋದ ಮೊದಲ ದಿನವೇ ಅಂಥದೊಂದು ಕರೆ ಬಂತು. ಎರಡು ಕ್ಷಣ ಕೇಳಿ, “ಒಂದು ಫೇಸ್ ಹೋಗೇತಿ, ಫ್ಯೂಸ್ ನೋಡು” ಎಂದು ಫೋನು ಇಟ್ಟರು.

ನಾನು ಪೆನ್ನು ತೆಗೆದೆ. “ಹೆಂಗ ಗೊತ್ತಾತ್ರಿ ಉಸ್ತಾದ್ರ?”

“ಗೊತ್ತಾಗ್ತೈತ್ರಿ.”

“ಅಂದ್ರ, ಸದ್ದು ಹೆಂಗಿತ್ರಿ?”

ಅವರು ಬಹಳ ಹೊತ್ತು ಯೋಚಿಸಿದರು. “ಫೇಸ್ ಹೋದಂಗಿತ್ರಿ.”

ವಾರ ಕಳೆದರೂ ನನ್ನ ನೋಟುಬುಕ್ಕಿನಲ್ಲಿ ‘ಗೊತ್ತಾಗ್ತೈತಿ’ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಬೇರೆ ಬೇರೆ ಮೋಟಾರುಗಳ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ಒಂದೊಂದೇ ಕೇಳಿಸಿದೆ. ಮೊದಲನೆಯದಕ್ಕೇ ಕೈ ಅಡ್ಡ ಹಿಡಿದರು. “ಮೋಟಾರು ಛಲೋ ಐತ್ರಿ ಮೇಡಂ. ನಿಮ್ಮ ಫೋನಿನ ಸ್ಪೀಕರ್ ಹೋಗೇತಿ.” ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ತೋರಿಸಿದೆ. ಹೋಗಿತ್ತು.

ಶುಕ್ರವಾರ ಮಧ್ಯಾಹ್ನ ಉಸ್ತಾದರು ನಮಾಜಿಗೆ ಹೋಗಿದ್ದರು. ಅಂಗಡಿಯ ಫೋನು ಬಡಿದುಕೊಂಡಿತು. ಹಿಂದಿನ ಮನೆಯಿಂದ ಅವರ ಹೆಂಡತಿ, ಊರಿಗೆಲ್ಲ ಚಾಚಿ, ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ಎತ್ತಿದರು.

“ನಿನ್ನಿ ಚಾಲೂ ಇತ್ತೇನು? ಈಗ ಒತ್ತಿದ್ರ ಗುಂಯ್ ಅಂತೈತೋ, ಟಕ್ ಅಂದು ಬಿಡ್ತೈತೋ? ಟಕ್ ಅಂತೈತಾ? ಹಂಗಾರ ಪೆಟ್ಟಿಗ್ಯಾಗ ಇರಿವಿ ಹೊಕ್ಕಿರ್ತಾವ. ಮೇನ್ ತಗದ ಮ್ಯಾಲೆ ಕೈ ಹಾಕಪ.”

ನಾನು ಎದ್ದು ನಿಂತಿದ್ದೆ. “ಚಾಚಿ, ನಿಮಗ ಮೋಟಾರು ರಿಪೇರಿ ಬರ್ತೈತೇನ್ರಿ?”

“ಎಲ್ಲೀದವ್ವಾ. ಮೋಟಾರಿನ ಒಳಗ ಏನೈತಿ ಅಂತ ನಾನು ನೋಡೇ ಇಲ್ಲ. ಇವ್ರು ಇಲ್ಲದಾಗ ಫೋನ್ ನಾನ ಎತ್ತಬೇಕು. ಇವ್ರನ್ನ ಕೇಳಿದ್ರ ಗೊತ್ತಾಗ್ತೈತಿ ಅಂತಾರ. ಅದಕ್ಕ ಯಾವ ಸದ್ದಿಗೆ ಏನು ಹೇಳ್ತಾರ ಅಂತ ಕೇಳಿ ಕೇಳಿ ನೆನಪಿಟ್ಟೀನಿ.”

ಕಂಪನಿ ನನಗೆ ವಹಿಸಿದ್ದ ಕೆಲಸವನ್ನು ಈ ಹೆಂಗಸು ಆಗಲೇ ಮುಗಿಸಿ ಕೂತಿದ್ದರು. ಮರುದಿನದಿಂದ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತೆ. ಚಾಚಿ ರೊಟ್ಟಿ ಬಡಿಯುತ್ತ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅಂಗಡಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಉಸ್ತಾದರಿಗೆ ತಡೆಯಲಾಗಲಿಲ್ಲ. “ಅದು ಹಂಗಲ್ಲ” ಎಂದು ಬಾಗಿಲಿಗೆ ಬಂದರು. “ಮತ್ತ ಹೆಂಗ, ಹೇಳ್ರಿ” ಎಂದರು ಚಾಚಿ. ಹೆಂಡತಿಯ ತಪ್ಪು ತೋರಿಸುವ ಹಟಕ್ಕೆ ಆ ಮನುಷ್ಯ, ವಾರವಿಡೀ ನನಗೆ ಸಿಗದಿದ್ದ ಮಾತುಗಳನ್ನು ಒಂದು ಗಂಟೆಯಲ್ಲಿ ಸುರಿದರು. ಆಮೇಲೆ ಇಬ್ಬರೂ ಒಪ್ಪಿದ ದಿನ ನನಗೇ ಬೇಸರವಾಗುತ್ತಿತ್ತು.

ಚಾಚಿಯ ಒಂದು ನಿಯಮ ಮಾತ್ರ ಕಂಪನಿಯ ಸಾಹೇಬರಿಗೆ ಹಿಡಿಸಲಿಲ್ಲ. “ಯಾರೂ ಮುಟ್ಟಿಲ್ಲ ಅಂತ ಫೋನು ಮಾಡಿದಾವ ಹೇಳಿದ್ರ, ಅವನ ಮುಟ್ಟ್ಯಾನ.” ಗ್ರಾಹಕರನ್ನು ಸುಳ್ಳರೆನ್ನಲಾಗದು ಎಂದು ಸಾಹೇಬರು ಅದನ್ನು ತೆಗೆಸಿದರು.

ಆ್ಯಪ್ ತಯಾರಾದ ಮೇಲೆ ತಳಕಲ್ಲಿನ ಒಂದು ಹೊಲದಲ್ಲಿ ಅದರ ಪರೀಕ್ಷೆ. ಸಾಹೇಬರೂ ಬಂದಿದ್ದರು. ಮೋಟಾರು ಓಡುತ್ತಿತ್ತು, ನೀರು ಮಾತ್ರ ಬೆರಳಿನಷ್ಟು. ಪೆಟ್ಟಿಗೆ ಯಾರಾದರೂ ತೆರೆದಿದ್ದರೇ ಎಂದು ಆ್ಯಪ್ ಕೇಳಿದಾಗ ರೈತ ‘ಇಲ್ಲ’ ಒತ್ತಿದ. ಮೋಟಾರನ್ನು ಬೋರಿನಿಂದ ಮೇಲೆತ್ತಿಸಿ ಎಂದಿತು ಆ್ಯಪ್. ಅದೊಂದು ದಿನದ ಕೆಲಸ. ರೈತನ ಮುಖ ನೋಡಲಾರದೆ ಚಾಚಿಗೆ ಫೋನು ಹಚ್ಚಿ, ಮೋಟಾರು ಓಡಿದರೂ ನೀರು ಬರುತ್ತಿಲ್ಲವೆಂದು ಹೇಳಿ ಸ್ಪೀಕರ್ ಹಾಕಿದೆ.

“ಪೆಟ್ಟಿಗಿ ಯಾರರ ತಗದಿದ್ರೇನಪ?”

“ಇಲ್ರಿ ಚಾಚಿ, ಯಾರೂ ಮುಟ್ಟಿಲ್ರಿ.”

“ಹೌದಾ? ಮತ್ತ ವೈರ್ ವಾಪಸ್ ಹಚ್ಚಿದಾವ ಯಾರು?”

ರೈತ ಸಾಹೇಬರನ್ನು ನೋಡಿದ, ಮೆಕ್ಕೆಜೋಳದ ಕಡೆ ನೋಡಿದ. “ನಾನ ರೀ. ಸ್ವಲ್ಪ.”

“ಎರಡು ವೈರ್ ಅದಲಿ ಬದಲಿ ಆಗ್ಯಾವ. ಮೋಟಾರು ಉಲ್ಟಾ ತಿರಗಾಕತ್ತೈತಿ. ಮೇನ್ ತಗದು ಬದಲಿಸು.”

ಬದಲಿಸಿದ. ಪೈಪಿನ ತುಂಬ ನೀರು ಬಂದು ಸಾಹೇಬರ ಬೂಟು ತೋಯ್ದವು. ಆ ನಿಯಮ ವಾಪಸ್ ಬಂತು. ಆದರೆ ಮರ್ಯಾದೆಯಿಂದ: ‘ಕೊನೆಯ ಸಲ ಪೆಟ್ಟಿಗೆ ತೆರೆದಾಗ ವೈರುಗಳನ್ನು ಮೊದಲಿದ್ದಲ್ಲೇ ಜೋಡಿಸಿದ್ದೀರಾ?’ ಇದಕ್ಕೆ ರೈತರು ಯಾವ ಸಂಕೋಚವೂ ಇಲ್ಲದೆ ‘ಗೊತ್ತಿಲ್ಲ’ ಎಂದು ಒತ್ತತೊಡಗಿದರು.

ಕೆಲಸ ಮುಗಿದ ಮೇಲೆ ಕಂಪನಿ ಉಸ್ತಾದರಿಗೆ ‘ವಿಷಯ ತಜ್ಞ’ ಎಂಬ ಪ್ರಮಾಣಪತ್ರ ಕಳಿಸಿತು. ಅವರು ಓದಿ ನನ್ನ ಕೈಗೇ ವಾಪಸ್ ಕೊಟ್ಟರು. “ಅಕೀ ಹೆಸರಿಲ್ಲಲ್ರಿ ಇದರಾಗ.” ನಾನು ಪತ್ರ ಬರೆದೆ, ಮತ್ತೆ ಬರೆದೆ. ಕೊನೆಗೆ ಇನ್ನೊಂದು ಬಂತು. ಒಂದೇ ಮನೆಗೆ ಒಂದೇ ಥರದ್ದು ಎರಡು ಹೇಗೆ ಎಂದು ಕಚೇರಿಯಲ್ಲಿ ಯಾರಿಗೋ ಅನಿಸಿರಬೇಕು, ಇದರಲ್ಲಿ ‘ಹಿರಿಯ ವಿಷಯ ತಜ್ಞೆ’ ಎಂದಿತ್ತು. ಉಸ್ತಾದರು ಅದನ್ನು ಗಟ್ಟಿಯಾಗಿ ಓದಿ, ತಮ್ಮದನ್ನೂ ನನ್ನಿಂದ ಇಸಿದುಕೊಂಡು, ಎರಡಕ್ಕೂ ಗಾಜಿನ ಕಟ್ಟು ಹಾಕಿಸಿ, ಹೆಂಡತಿಯದನ್ನು ತಮ್ಮದಕ್ಕಿಂತ ಮೇಲೆ ಮೊಳೆ ಹೊಡೆದು ತೂಗುಹಾಕಿದರು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು.

ಚಾಚಿಗೆ ಸಮಾಧಾನವಿರಲಿಲ್ಲ. “ಹಿರಿಯ ಅಂದ್ರ ವಯಸ್ಸಾದಾಕಿ ಅಂತಲ್ಲವ್ವಾ?”

ಅಲ್ಲ, ಅದು ಗೌರವ ಎಂದು ಎಷ್ಟೋ ಹೇಳಿದೆ. ಮುಂದಿನ ಸಲ ಹೋದಾಗ ನೋಡಿದರೆ, ಗಾಜಿನ ಮೇಲೆ ಆ ಪದ ಮುಚ್ಚುವಷ್ಟು ಬಿಳಿ ಕಾಗದದ ತುಂಡೊಂದು ಅಂಟಿತ್ತು, ಜೋಳದ ಹಿಟ್ಟಿನ ಗಂಜಿಯಲ್ಲಿ.