ಕಂಬಕ್ಕೆ ಹೊಡೆದು ಕೈ ಎತ್ತಿದ ನಮ್ಮ ಟೆರಿ ಅಂಕಲ್

ಇಲ್ಲ... ನಾನು ನಂಬುವುದಿಲ್ಲ.
ನಿನ್ನೆ ಸಂಜೆ ತಾನೇ ಬೇಲಿಯ ಆಚೆಯಿಂದ "ಭಾನುವಾರಕ್ಕೆ ಬೂಟ್ ಒಣಗಿಸಿಟ್ಟಿದ್ದೀಯಾ?" ಎಂದು ಕೇಳಿದವರು...
ಇವತ್ತು ಬೆಳಗ್ಗೆ ಹಾರ್ಟ್ ಅಟ್ಯಾಕ್ ಅಂತೆ.
ಆಸ್ಪತ್ರೆ ತಲುಪುವ ಮೊದಲೇ...

ನಮ್ಮ ಟೆರಿ ಅಂಕಲ್ ಇನ್ನಿಲ್ಲ.

ಈ ಇ-ಮೇಲ್ ಗ್ರೂಪ್‌ನಲ್ಲಿ ಅನೇಕರಿಗೆ ಅವರು ಗೊತ್ತಿರಲಿಕ್ಕಿಲ್ಲ.
ಪುಚೊಂಗ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಸೆಲ್ವಿ ಅಕ್ಕನ ಗಂಡ.
ಊರು ಇಂಗ್ಲೆಂಡ್. ಅಲ್ಲಿನ ಲೀಗ್‌ಗಳಲ್ಲಿ ಪ್ರೊಫೆಷನಲ್ ಸ್ಟ್ರೈಕರ್ ಆಗಿದ್ದವರು... ಗೋಲ್ ಹೊಡೆಯುವುದೇ ಕೆಲಸ, ಅದಕ್ಕೇ ಸಂಬಳ.
ಕೊನೆಗೆ ಒಂದೇ ಒಂದು ಸೀಸನ್ ಆಡಲು ಮಲೇಷ್ಯಾಕ್ಕೆ ಬಂದರು, ಸೆಲ್ವಿ ಅಕ್ಕನನ್ನು ನೋಡಿದರು, ಇಲ್ಲೇ ಉಳಿದುಬಿಟ್ಟರು!
ಮದುವೆಯಾಗಿ ನಾಲ್ಕೇ ತಿಂಗಳಾದ ನನಗೆ ಇದಕ್ಕಿಂತ ಒಳ್ಳೆಯ ಟ್ರಾನ್ಸ್‌ಫರ್ ಸುದ್ದಿ ಗೊತ್ತಿಲ್ಲ.

ಅಳುತ್ತಾ ಕೂತಿದ್ದೆ. ಆಗ ಬಂತು ನಮ್ಮ ಕನ್ನಡ ಸಂಘದ ಕ್ರೀಡಾ ಕಾರ್ಯದರ್ಶಿ ಶೆಣೈ ಡಾಕ್ಟರ ಮೇಲ್. ನೀವೂ ಓದಿರುತ್ತೀರಿ.
"ಟೆರಿಯವರ ಗೌರವಾರ್ಥ ಭಾನುವಾರದ ಮಹಿಳೆಯರ ಫುಟ್‌ಬಾಲ್ ಮ್ಯಾಚ್ ರದ್ದು ಮಾಡಲಾಗಿದೆ. ಅವರು ದೊಡ್ಡ ಆಟಗಾರರಾಗಲಿಲ್ಲ, ಆದರೂ ಒಳ್ಳೆಯ ಮನುಷ್ಯ."

ಆದರೂ?
ಆದರೂ??

ಅಳು ಅಲ್ಲಿಗೇ ನಿಂತಿತು. ಸೆಲ್ವಿ ಅಕ್ಕನ ಮನೆಗೆ ಹೋಗಿ ಬಂದು ಕಂಪ್ಯೂಟರ್ ಮುಂದೆ ಕೂತೆ. ಡಯಲ್-ಅಪ್ ಮೂರು ಸಲ ಕಟ್ ಆಯಿತು... ನಾನು ಏಳಲಿಲ್ಲ.

ಶೆಣೈ ಡಾಕ್ಟರೇ, ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುವಾಗ ನೀವು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ್ದು ನನಗೆ ನೆನಪಿದೆ.
"ಎಂತ ಸ್ಟ್ರೈಕರ್ ಮಾರಾಯ್ರೇ ಇವ್ರು... ದೊಡ್ಡ ಲೀಗಲ್ಲಿ ಒಂದು ಗೋಲಾದ್ರೂ ಉಂಟಾ?"
ನನ್ನ ಗಂಡ ಪ್ರಶಾಂತ್ ಪಾಪ, ನೀವು ಏನಂದಿರಿ ಎಂದು ಅಂಕಲ್ ಕೇಳಿದ್ದಕ್ಕೆ ಅದನ್ನು ಇಂಗ್ಲಿಷ್‌ಗೆ ಅನುವಾದ ಬೇರೆ ಮಾಡಿದ!
ಅಂಕಲ್ ಬೇಜಾರು ಮಾಡಿಕೊಳ್ಳಲಿಲ್ಲ. ರೋಟಿಯನ್ನು ಸಾರಿನಲ್ಲಿ ಅದ್ದುತ್ತಾ, ಮಲೇಷ್ಯಾದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಹೇಳಿದರು,
"ಇಲ್ಲ ಡಾಕ್ಟರ್. ಗೋಲ್ ಕಂಬಕ್ಕೆ ಹೊಡೆದೆ. ಆ ಕಂಬ ಇನ್ನೂ ಅಲ್ಲಾಡ್ತಾ ಇರಬೇಕು ಲಾ!"

ಟೆರಿ ಅಂಕಲ್...
ಆ ಕಂಬದ ಕಥೆ ಪೂರ್ತಿ ಗೊತ್ತಿರುವುದು ನೀವು ಆಟ ಕಲಿಸಿದ ನಮ್ಮ ಟೀಮಿನ ಹೆಂಗಸರಿಗೆ ಮಾತ್ರ ಅಲ್ಲವೇ?

ಹದಿನಾರನೇ ವಯಸ್ಸಿಗೆ ಕ್ಲಬ್ ಸೇರಿ ಸೀನಿಯರ್‌ಗಳ ಬೂಟ್ ಉಜ್ಜಿದಿರಿ. ಕೆಳಗಿನ ಡಿವಿಷನ್‌ಗಳ ಕೆಸರಿನಲ್ಲಿ ವರ್ಷಗಟ್ಟಲೆ ಓಡಿದಿರಿ. ಮ್ಯಾನೇಜರ್ ಬದಲಾದಾಗಲೆಲ್ಲ ನಿಮ್ಮನ್ನು ಬೇರೆ ಊರಿನ ಕ್ಲಬ್ಬಿಗೆ ಲೋನ್ ಕೊಡುತ್ತಿದ್ದರಂತೆ. "ಲೈಬ್ರರಿ ಪುಸ್ತಕದ ಹಾಗೆ... ಯಾರೂ ಕೊನೇ ಪುಟದವರೆಗೆ ಓದಲಿಲ್ಲ" ಎಂದು ನಗುತ್ತಿದ್ದಿರಿ.
ದೊಡ್ಡ ಲೀಗ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು ಮ್ಯಾಚ್. ಅದೂ ಸಬ್‌ಸ್ಟಿಟ್ಯೂಟ್ ಆಗಿ, ಕೊನೆಯ ಕೆಲವು ನಿಮಿಷ.
ಪಾಸ್ ಬಂತು. ಹೊಡೆದಿರಿ. ಕಂಬ.
ಇಡೀ ಸ್ಟೇಡಿಯಂ ತಲೆ ಮೇಲೆ ಕೈ ಹೊತ್ತಿತು.
ನೀವು ಮಾತ್ರ ಪಾಸ್ ಕೊಟ್ಟವನ ಕಡೆ ತಿರುಗಿ ಕೈ ಎತ್ತಿದಿರಿ... ಥ್ಯಾಂಕ್ಸ್, ಇನ್ನೊಂದು ಕೊಡು!
ಇನ್ನೊಂದು ಬರುವಷ್ಟರಲ್ಲಿ ಆಟ ಮುಗಿಯಿತೆಂದು ವಿಸಲ್ ಊದಿದರು. ಆ ಲೀಗ್ ನಿಮಗೆ ಮತ್ತೆಂದೂ ಸಿಗಲಿಲ್ಲ.

ನಾನು ಬಂದ ಹೊಸತರಲ್ಲಿ ಬೇಲಿಯ ಮೇಲಿಂದ "ಮಾರ್ನಿಂಗ್, ಲವ್" ಎಂದಿರಿ. ನಾನು ಒಳಗೆ ಓಡಿ ಬಾಗಿಲು ಹಾಕಿಕೊಂಡೆ! "ಅವರ ಊರಲ್ಲಿ ತರಕಾರಿ ಮಾರೋನೂ ಹಾಗೇ ಕರೀತಾನೆ ಕಣೇ" ಎಂದು ಪ್ರಶಾಂತ್ ಹೊಟ್ಟೆ ಹಿಡಿದುಕೊಂಡು ನಕ್ಕ.
ಅದೇ ನಾನು, ಒಂದು ತಿಂಗಳಲ್ಲಿ, ಚೂಡಿದಾರ್ ಮೇಲೆ ಫುಟ್‌ಬಾಲ್ ಬೂಟ್ ಹಾಕಿಕೊಂಡು ನಿಮ್ಮ ಮುಂದೆ ನಿಂತಿದ್ದೆ.

ಮೊದಲ ಪ್ರಾಕ್ಟೀಸ್. ಖಾಲಿ ಗೋಲ್. ನಾನು ಹೊಡೆದ ಬಾಲ್ ಚರಂಡಿಗೆ ಹೋಯಿತು.
ಬೇಲಿಯ ಹೊರಗೆ ಗಂಡಸರೆಲ್ಲ ನಗುತ್ತಿದ್ದರು... ನನ್ನ ಪ್ರಶಾಂತ್ ಕೂಡ! ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ.
ನೀವು ಮೈದಾನವೇ ಅದುರುವ ಹಾಗೆ ಕೂಗಿದಿರಿ.
"ಮುಖ ಮುಚ್ಚಬೇಡ! ಕೈ ಎತ್ತು! ಪಾಸ್ ಕೊಟ್ಟವಳು ನಿನ್ನನ್ನೇ ನೋಡ್ತಿದ್ದಾಳೆ. ನೀನು ಅಡಗಿಕೊಂಡ್ರೆ ಮುಂದಿನ ಬಾಲ್ ನಿನಗೆ ಬರಲ್ಲ!"

ಕಾನ್ವೆಂಟ್‌ನಲ್ಲಿ ಓದಿದೆ, ಡಿಗ್ರಿ ಮಾಡಿದೆ... ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂಕಲ್.

ಆದ್ದರಿಂದ ಶೆಣೈ ಡಾಕ್ಟರೇ, ದಯವಿಟ್ಟು ನಿಮ್ಮ ಮೇಲ್ ವಾಪಸ್ ತೆಗೆದುಕೊಳ್ಳಿ.
ಈ ಮ್ಯಾಚ್ ನಿಮಗೆ ಮೊದಲಿಂದಲೂ ಇಷ್ಟವಿರಲಿಲ್ಲ. "ಹೆಂಗಸ್ರಿಗೆ ಲೆಮನ್ ಆಂಡ್ ಸ್ಪೂನ್ ಸಾಕಲ್ವಾ" ಎಂದವರು ನೀವೇ. ಅವರ ಸಾವನ್ನು ಅದಕ್ಕೆ ನೆಪ ಮಾಡಬೇಡಿ. ಈ ಸಲ ರದ್ದಾದರೆ ಮುಂದಿನ ವರ್ಷ ಯಾರೂ ನಮಗೆ ಮೈದಾನ ಕೊಡುವುದಿಲ್ಲ. ಅದು ನಿಮಗೂ ಗೊತ್ತು, ನಮಗೂ ಗೊತ್ತು.

ಮಧ್ಯಾಹ್ನ ಸೆಲ್ವಿ ಅಕ್ಕನ ಹತ್ತಿರ ಕೂತಿದ್ದಾಗ, ಹೆದರುತ್ತಲೇ ಮ್ಯಾಚ್ ವಿಷಯ ಹೇಳಿದೆ. ಅವರು ಕಣ್ಣು ಒರೆಸಿಕೊಂಡರು.
"ಕ್ಯಾನ್ಸಲ್ಲಾ? ಅಯ್ಯೋ ಅಮ್ಮಾ, ಕೇಳಿದ್ರೆ ಎದ್ದು ಬಂದು ಬೈತಾರೆ!"
ಒಳಗೆ ಹೋಗಿ ಬಾಲ್‌ಗಳ ಚೀಲ ತಂದು ನನ್ನ ಕೈಗೆ ಕೊಟ್ಟರು. ಅಂಕಲ್ ಊದುತ್ತಿದ್ದ ವಿಸಲ್ ಮಾತ್ರ ಕೊಡಲಿಲ್ಲ.
"ಅದನ್ನ ನಾನೇ ತರ್ತೀನಿ."

ನಾಳೆ ಮಧ್ಯಾಹ್ನ ಅಂತ್ಯಕ್ರಿಯೆ. ಎಲ್ಲರೂ ಬನ್ನಿ.
ಭಾನುವಾರ ಬೆಳಗ್ಗೆ ಎಂಟಕ್ಕೆ ಮ್ಯಾಚ್. ಅದಕ್ಕೂ ಎಲ್ಲರೂ ಬನ್ನಿ. ಎದುರಾಳಿ ಯೂನಿವರ್ಸಿಟಿ ಹುಡುಗಿಯರಿಗೆ ನಾನೇ ಫೋನ್ ಮಾಡಿದ್ದೇನೆ, ಅವರು ಬರುತ್ತಿದ್ದಾರೆ.
ನಾನು ಖಂಡಿತ ಗೋಲ್ ಮಿಸ್ ಮಾಡುತ್ತೇನೆ. ನನ್ನ ಆಟ ನನಗೆ ಗೊತ್ತು!
ಆದರೆ ನಾನು ಮಿಸ್ ಮಾಡಿದ ಕೂಡಲೇ ನೀವೆಲ್ಲ ನೋಡುತ್ತಿರಿ...
ನಮ್ಮ ಹನ್ನೊಂದು ಹೆಂಗಸರೂ ಒಟ್ಟಿಗೆ ಕೈ ಎತ್ತುತ್ತೇವೆ.

ಹೋಗಿ ಬನ್ನಿ ಟೆರಿ ಅಂಕಲ್...
ನೀವು ಹೋದ ಕಡೆ ನಿಮ್ಮ ಜೀವಕ್ಕೆ ನೆಮ್ಮದಿ ಇರಲಿ.
ಆ ಇನ್ನೊಂದು ಪಾಸ್ ಅಲ್ಲಿಯಾದರೂ ನಿಮ್ಮ ಕಾಲಿಗೆ ಬರಲಿ.